ಬಸಿದ ನೀರು

ತರೀಕೆರೆಯ ಆ ಟ್ರಸ್ಟ್ ಆಸ್ಪತ್ರೆಯಲ್ಲಿ ಡಯಟೀಷಿಯನ್ ಕೂರುವ ಕೋಣೆ ಹಿಂದೊಮ್ಮೆ ಎಕ್ಸ್‌ರೇ ಫಿಲಂ ತುಂಬಿಡುವ ಉಗ್ರಾಣವಾಗಿತ್ತು. ಕಿಟಕಿ ಇಲ್ಲ. ಒಂದು ಮೇಜು, ಮೂರು ಕುರ್ಚಿ, ಗೋಡೆಯ ಮೇಲೆ ಹಣ್ಣುಹಂಪಲುಗಳ ಬಣ್ಣದ ಚಿತ್ರ. ಆ ಚಿತ್ರದಲ್ಲಿರುವ ಹಣ್ಣುಗಳಲ್ಲಿ ಅರ್ಧವನ್ನು ತರೀಕೆರೆ ಸಂತೆಯಲ್ಲಿ ಯಾರೂ ಕಂಡವರಲ್ಲ. ಇನ್ನರ್ಧವನ್ನು ಆ ಕೋಣೆಗೆ ಬರುವ ರೋಗಿಗಳು ತಿನ್ನುವ ಹಾಗಿಲ್ಲ. ಯಾವ ಪುಣ್ಯಾತ್ಮ ಅದನ್ನು ಅಲ್ಲಿ ತೂಗುಹಾಕಿದನೋ, ತೆಗೆಯುವ ಮನಸ್ಸು ಯಾರಿಗೂ ಬಂದಿರಲಿಲ್ಲ.

ಅಜ್ಜಂಪುರದ ಭೂಮಿಕಾ ಎಂಟು ವಾರ ಈ ಕೋಣೆಯಲ್ಲಿ ಕೆಲಸ ಕಲಿಯಬೇಕಿತ್ತು. ಪಥ್ಯಾಹಾರ ಓದುವವರು ಕೊನೆಯ ವರ್ಷದಲ್ಲಿ ಆಸ್ಪತ್ರೆಗೆ ಬಂದು, ನಿಜವಾದ ರೋಗಿಗಳ ಜೊತೆ ಮಾತಾಡಿ, ನಿಜವಾದ ಊಟ ಬರೆದುಕೊಡಬೇಕು ಎಂಬುದು ಕಾಲೇಜಿನ ನಿಯಮ. ಅದಕ್ಕೊಂದು ಲಾಗ್ ಬುಕ್ ಕೊಟ್ಟಿದ್ದರು. ಒಬ್ಬೊಬ್ಬ ರೋಗಿಗೆ ಒಂದೊಂದು ಪುಟ, ಒಂದೊಂದು ಪುಟದಲ್ಲಿ ಹನ್ನೆರಡು ಚೌಕ. ಹಿಂದಿನ ದಿನದ ಊಟ ಕೇಳಿದೆಯಾ, ತೂಕ ನೋಡಿದೆಯಾ, ರಕ್ತದ ವರದಿ ಓದಿದೆಯಾ, ಹೀಗೆ. ಮಾಡಿದ್ದಕ್ಕೆಲ್ಲ ಟಿಕ್ ಹಾಕಬೇಕು. ಹನ್ನೆರಡನೆಯ ಚೌಕ ಮಾತ್ರ ಸುಲೋಚನಮ್ಮನವರಿಗೆ ಬಹಳ ಪ್ರೀತಿಯದು.

ಸುಲೋಚನಮ್ಮ ಆ ಆಸ್ಪತ್ರೆಯ ಡಯಟೀಷಿಯನ್. ಇಪ್ಪತ್ತೆರಡು ವರ್ಷದಿಂದ ದಿನವೂ ಕಡೂರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಹೆಂಗಸು. ಮಾತು ಒರಟು, ಕೆಲಸ ಚೊಕ್ಕ. ಮೊದಲ ದಿನವೇ ಭೂಮಿಕಾಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದರು: "ನೀನೇನ್ ಹೇಳ್ದೆ ಅನ್ನೋದು ಮುಖ್ಯ ಅಲ್ಲ ಕಣೇ. ಅವ್ರು ಮನೆಗೆ ಏನ್ ತಗೊಂಡ್ ಹೋದ್ರು ಅನ್ನೋದು ಮುಖ್ಯ. ಒಬ್ಬನಿಗೆ ಸಕ್ಕರೆ ಬಿಡಪ್ಪಾ ಅಂತ ಹೇಳಿ ಕಳಿಸ್ದೆ. ಮೂರು ತಿಂಗಳು ಬೆಲ್ಲದ ಕಾಫಿ ಕುಡ್ಕೊಂಡು ಬಂದ. ಸಕ್ಕರೆ ಮುಟ್ಟಿಲ್ಲ ಮೇಡಂ ಅಂತ ಆಣೆ ಇಡ್ತಾನೆ. ಅವನೇನು ಸುಳ್ಳು ಹೇಳಿದ್ನಾ? ಅದಕ್ಕೇ ಎಲ್ಲಾ ಹೇಳಾದ್ಮೇಲೆ ಅವ್ರ ಬಾಯಿಂದ ಒಂದ್ಸಲ ತಿರುಗಿ ಹೇಳ್ಸು. ಏನ್ ಮಾಡ್ತೀರ, ಹೆಂಗ್ ಮಾಡ್ತೀರ, ಹೇಳಿ ನೋಡಾಣ ಅನ್ನು. ಹೇಳಿಸ್ದೆ ಕಳಿಸ್ಬೇಡ."

ಹನ್ನೆರಡನೆಯ ಚೌಕ ಅದೇ. ತಿರುಗಿ ಹೇಳಿಸಿದೆಯಾ?

ಭೂಮಿಕಾ ಮೊದಲ ಮೂರು ವಾರ ಎಲ್ಲರಿಂದಲೂ ಹೇಳಿಸಿದಳು. ಬೇಸರವಾದರೂ ಹೇಳಿಸಿದಳು. ಜಾಣೆ, ಕೈಬರಹ ಮುತ್ತಿನಂಥದ್ದು, ಹಳ್ಳಿಯ ಹೆಂಗಸರ ಜೊತೆ ಹಳ್ಳಿಯವಳಾಗಿಯೇ ಮಾತಾಡುತ್ತಿದ್ದಳು. ಸುಲೋಚನಮ್ಮ ಒಳಗೊಳಗೇ ಮೆಚ್ಚಿಕೊಂಡಿದ್ದರು. ಇವಳಿಗೆ ಈ ಕೆಲಸ ಬರುತ್ತದೆ ಎಂದು ಒಂದೆರಡು ಸಲ ಬಾಯಿಬಿಟ್ಟೂ ಅಂದರು. ಆ ಮಾತು ಭೂಮಿಕಾಳ ಕಿವಿಯಲ್ಲಿ ಸ್ವಲ್ಪ ಹೆಚ್ಚು ದಿನವೇ ಉಳಿಯಿತು.

ನಾಲ್ಕನೆಯ ವಾರ, ಒಂದು ಶುಕ್ರವಾರ, ಕರಿಯಮ್ಮ ಮತ್ತು ಬೀರಪ್ಪ ಅವಳ ಪಾಲಿಗೆ ಬಂದರು.

ಲಿಂಗದಹಳ್ಳಿಯ ಪಕ್ಕದ ಹಳ್ಳಿಯವರು. ಕರಿಯಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಹದಿನಾಲ್ಕು ವರ್ಷ ಮಕ್ಕಳಿಗೆ ಬೇಯಿಸಿ ಹಾಕಿದ್ದಳು. ಎರಡೂ ಕಿಡ್ನಿ ಕೈಕೊಟ್ಟು ನಾಲ್ಕು ತಿಂಗಳಾಗಿತ್ತು. ಮಂಗಳವಾರಕ್ಕೊಮ್ಮೆ, ಶುಕ್ರವಾರಕ್ಕೊಮ್ಮೆ ಡಯಾಲಿಸಿಸ್. ಅವಳ ಗಂಡ ಬೀರಪ್ಪ ಪಂಚಾಯಿತಿಯ ನೀರುಗಂಟಿ. ಮೂವತ್ತು ವರ್ಷದಿಂದ ಊರಿನ ನಲ್ಲಿಗಳಿಗೆ ನೀರು ಬಿಡುವವನು, ನಲ್ಲಿ ತೆರೆದಿಟ್ಟು ಹರಟೆಗೆ ನಿಂತ ಹೆಂಗಸರಿಗೆ "ನೀರು ಚೆಲ್ಬೇಡ್ರೀ" ಎಂದು ಬೀದಿ ತುಂಬ ಕೂಗಾಡುವವನು. ಊರ ಹುಡುಗರು ಅವನಿಗೆ ಅದನ್ನೇ ಹೆಸರಿಟ್ಟಿದ್ದರಂತೆ. ಡಯಾಲಿಸಿಸ್ ಕೋಣೆಯ ಮಂಚದ ಮೇಲೆ ಮಲಗಿದ್ದ ಕರಿಯಮ್ಮ ಇದನ್ನೆಲ್ಲ ಹೇಳಿ ನಕ್ಕಳು. ಮುಖ ಊದಿತ್ತು, ನಗು ಊದಿರಲಿಲ್ಲ.

"ಊರ್ ಮಕ್ಕಳಿಗೆಲ್ಲ ಬೇಯ್ಸ್ ಹಾಕ್ದೋಳು ನಾನು. ಈಗ ಈವಯ್ಯ ನಂಗ್ ಬೇಯ್ಸ್ ಹಾಕ್ತಾನೆ ಕಣವ್ವ. ಇವನ ಕೈಯಡ್ಗೆ ತಿಂದು ಬದ್ಕಿದೀನಲ್ಲ, ಅದೇ ಹೆಚ್ಚು."

"ಕಲೀತಿದೀನಲ್ಲೇ," ಅಂದ ಬೀರಪ್ಪ. ನಾಚಿಕೊಂಡ ಎಂದೇ ಹೇಳಬೇಕು. ಐವತ್ತೈದು ದಾಟಿದ, ಮೀಸೆ ನರೆತ ಆಳು.

ಕರಿಯಮ್ಮನಿಗೆ ಒಂದೇ ಆಸೆ. ಡಾಕ್ಟರು ಸೊಪ್ಪು ತರಕಾರಿ ಪೂರ್ತಿ ಬಿಡಿಸಿದ್ದರು. ಅದರಲ್ಲಿ ಪೊಟ್ಯಾಸಿಯಂ ಎಂಬ ಲವಣ ಇರುತ್ತದೆ. ಕಿಡ್ನಿ ಚೆನ್ನಾಗಿದ್ದರೆ ಮೂತ್ರದಲ್ಲಿ ಹೋಗುತ್ತದೆ, ಕಿಡ್ನಿ ಸತ್ತರೆ ರಕ್ತದಲ್ಲೇ ಉಳಿದು ಒಂದು ದಿನ ಎದೆಬಡಿತವನ್ನು ನಿಲ್ಲಿಸುತ್ತದೆ. "ಬರೀ ಅನ್ನ, ಬರೀ ಅನ್ನ. ನಾಲಿಗೆ ಸತ್ತೋಗೈತೆ. ಒಂದ್ ಹಿಡಿ ಸೊಪ್ಪು ತಿನ್ನಂಗ್ ಮಾಡವ್ವ, ನಿಂಗ್ ಕೈ ಮುಗಿತೀನಿ," ಅಂದಳು.

ಅದಕ್ಕೆ ದಾರಿ ಇತ್ತು. ಭೂಮಿಕಾ ಓದಿದ್ದಳು. ಸೊಪ್ಪು ತರಕಾರಿಯನ್ನು ಸಣ್ಣಗೆ ಹೆಚ್ಚಿ, ಬೇಕಾದ್ದಕ್ಕಿಂತ ಹೆಚ್ಚು ನೀರಿನಲ್ಲಿ ಬೇಯಿಸಿದರೆ ಆ ಲವಣದಲ್ಲಿ ಬಹುಪಾಲು ನೀರಿಗೆ ಇಳಿದುಬಿಡುತ್ತದೆ. ಆ ನೀರನ್ನು ತೆಗೆದು ಬರೀ ಸೊಪ್ಪನ್ನು ಸ್ವಲ್ಪ ತಿನ್ನಬಹುದು. ಸುಲೋಚನಮ್ಮನವರನ್ನು ಕೇಳಿದಳು. ಅವರು ರಕ್ತದ ವರದಿ ನೋಡಿ, "ಕೊಡು, ಅರ್ಧ ಬಟ್ಟಲು. ಬಿಡಿಸಿ ಹೇಳು," ಅಂದು ಹೆರಿಗೆ ವಾರ್ಡಿಗೆ ಹೋದರು.

ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲಿತ್ತು. ಭೂಮಿಕಾ ಅದನ್ನು ಕನ್ನಡದಲ್ಲಿ ಒಂದೇ ಸಾಲಿಗೆ ಇಳಿಸಿದಳು: "ಸೊಪ್ಪು, ತರಕಾರಿ ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಬೇಯಿಸಿ, ಬಸಿದು ಕೊಡಿ." ಬರೆದು ಓದಿಕೊಂಡಾಗ ಖುಷಿಯಾಯಿತು. ಬಸಿದು! ಎಷ್ಟು ಚೆನ್ನಾಗಿ ಕೂತಿದೆ ಪದ. ಪುಸ್ತಕದವರು ಹೇಳಲು ಒದ್ದಾಡಿದ್ದನ್ನು ನಮ್ಮ ಮನೆಗಳಲ್ಲಿ ಒಂದು ಪದದಲ್ಲಿ ಹೇಳುತ್ತಾರಲ್ಲ ಎಂದುಕೊಂಡಳು. ಕೆಳಗೆ ಮತ್ತೆ ನಾಲ್ಕು ಸಾಲು: ಕಾಳು ಬೇಡ. ಕಾಯಿ ಬೇಡ. ಉಪ್ಪು ಚಿಟಿಕೆ. ನೀರು, ಸಾರು, ಕಾಫಿ ಎಲ್ಲ ಸೇರಿ ದಿನಕ್ಕೆ ನಾಲ್ಕೇ ಲೋಟ.

ಬೀರಪ್ಪ ಆ ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. "ತಡೀರಿ ಮೇಡಂ. ಒಂದ್ಸಲ ಓದಿ ಹೇಳ್ತೀನಿ, ಸರಿಗೈತಾ ನೋಡಿ," ಅಂದ.

ಗೋಡೆಯ ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಅಜ್ಜಂಪುರದ ಬಸ್ಸು ಮೂರು ಮುಕ್ಕಾಲಿಗೆ. ಅದು ತಪ್ಪಿದರೆ ಐದೂವರೆಗೆ, ಅದರಲ್ಲಿ ಸೀಟು ಸಿಗುವುದಿಲ್ಲ. ಮನೆಯಲ್ಲಿ ಘನಂದಾರಿ ಕೆಲಸವೇನೂ ಕಾದಿರಲಿಲ್ಲ. ಸೀಟು ಅಷ್ಟೇ. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಭೂಮಿಕಾಳೂ ಆಮೇಲೆ ತನ್ನಿಂದ ತಾನು ಮುಚ್ಚಿಡಲು ನೋಡಿ ಸೋತಳು.

"ಎಲ್ಲಾ ಅದ್ರಲ್ಲೇ ಇದೆ ಬೀರಪ್ಪಣ್ಣ. ಮನೇಲಿ ನಿಧಾನಕ್ಕೆ ಓದ್ಕೊಳ್ಳಿ," ಅಂದು ಬ್ಯಾಗು ಹೆಗಲಿಗೇರಿಸಿದಳು.

ಬಸ್ಸಿನಲ್ಲಿ ಕಿಟಕಿ ಪಕ್ಕವೇ ಸೀಟು ಸಿಕ್ಕಿತು. ಲಾಗ್ ಬುಕ್ ತೆಗೆದು ಕರಿಯಮ್ಮನ ಪುಟದಲ್ಲಿ ಹನ್ನೆರಡು ಚೌಕಕ್ಕೂ ಟಿಕ್ ಹಾಕಿದಳು. ಕೊನೆಯ ಟಿಕ್ ಹಾಕುವಾಗ ಬಸ್ಸು ಹಳ್ಳಕ್ಕೆ ಬಿದ್ದು ಗೆರೆ ಉದ್ದವಾಯಿತು.

ಆಮೇಲಿನ ಎರಡು ವಾರ ಕರಿಯಮ್ಮ ಡಯಾಲಿಸಿಸ್‌ಗೆ ಬಂದಾಗಲೆಲ್ಲ ಭೂಮಿಕಾಳನ್ನು ಕೂಗಿ ಕರೆಯುತ್ತಿದ್ದಳು. "ಈವಯ್ಯ ಈಗ ಸಾರು ಬೋ ಪಸಂದಾಗ್ ಮಾಡ್ತಾನೆ ಕಣವ್ವ. ನಿನ್ ಹಾಳೆ ಒಲೆ ಮೇಲ್ಗಡೆ ಮೊಳೆ ಹೊಡ್ದು ತೂಗಾಕವ್ನೆ. ಪ್ಲಾಸ್ಟಿಕ್ ಕವರೊಳಗೆ! ದೇವ್ರ ಪಟಕ್ಕೂ ಅಷ್ಟು ಮರ್ಯಾದೆ ಇಲ್ಲ." ಒಂದು ಸಲ, "ಕೈಕಾಲ್ ಯಾಕೋ ಸೋತಂಗ್ ಆಯ್ತವೆ," ಎಂದೂ ಅಂದಿದ್ದಳು. ಡಯಾಲಿಸಿಸ್ ಆದವರೆಲ್ಲ ಅನ್ನುವ ಮಾತು ಅದು. ತಿಂಗಳ ರಕ್ತಪರೀಕ್ಷೆಗೆ ಇನ್ನೂ ಎಂಟು ದಿನ ಇತ್ತು. ಸಾರಿನ ಮಾತು ಕೇಳಿ ಭೂಮಿಕಾಳಿಗೆ ಖುಷಿಯೇ ಆಯಿತು. ಯಾವ ಸಾರು ಎಂದು ಕೇಳಲಿಲ್ಲ.

ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ಬೀರಪ್ಪ ಹೆಂಡತಿಯನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಬಂದ. ಕೈಕಾಲು ಎತ್ತಲು ಆಗುತ್ತಿರಲಿಲ್ಲ. ನಾಡಿ ನಿಮಿಷಕ್ಕೆ ಮೂವತ್ತೆಂಟು. ರಕ್ತದ ವರದಿ ಬಂದಾಗ ಪೊಟ್ಯಾಸಿಯಂ ಎಂಟು ದಾಟಿತ್ತು. ಐದರ ಹತ್ತಿರ ಇರಬೇಕಾದದ್ದು. ಡಾಕ್ಟರು ಓಡಾಡಿದರು, ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು, ಡಯಾಲಿಸಿಸ್ ಮಿಷನ್ನಿಗೆ ಹಚ್ಚಲು ಸಿದ್ಧ ಮಾಡಿದರು. ಯಾರೂ ಏನೂ ಕಡಿಮೆ ಮಾಡಲಿಲ್ಲ.

ಸುಲೋಚನಮ್ಮ ಭೂಮಿಕಾಳ ತೋಳು ಹಿಡಿದರು. "ಹೋಗು, ಎರಡು ದಿನದಿಂದ ಏನ್ ತಿಂದ್ಲು ಕೇಳ್ಕೊಂಡ್ ಬಾ. ಎಳನೀರು, ಬಾಳೆಹಣ್ಣು, ನಾಟಿ ಔಷಧಿ, ಒಂದೂ ಬಿಡ್ಬೇಡ."

ಬೀರಪ್ಪ ಹೊರಗೆ ಗೋಡೆಗೆ ಒರಗಿ ಕುಕ್ಕರಗಾಲಿನಲ್ಲಿ ಕೂತಿದ್ದ. ಪಕ್ಕದಲ್ಲಿ ಸ್ಟೀಲಿನ ಕ್ಯಾರಿಯರ್. ಆಸ್ಪತ್ರೆಗೆ ಬರುವ ಗಾಬರಿಯಲ್ಲೂ ಹೆಂಡತಿಯ ಊಟ ಮರೆತಿರಲಿಲ್ಲ.

"ಎಳನೀರಾ? ದೇವ್ರಾಣೆ ಇಲ್ಲ ಮೇಡಂ. ಬಾಳೆಹಣ್ಣು ಮನೆ ಒಳಿಕ್ ತಂದಿಲ್ಲ. ನೀವ್ ಬರ್ದಿದ್ದೇ ಕೊಟ್ಟಿರಾದು." ಅವನು ಕ್ಯಾರಿಯರ್ ಬಿಚ್ಚಿದ. ಮೇಲಿನ ಡಬ್ಬಿಯಲ್ಲಿ ಅನ್ನ. ನಡುವಿನದರಲ್ಲಿ ಹಿಂಡಿದ ಹಾಗಿದ್ದ ದಂಟಿನ ಸೊಪ್ಪು, ಹುರುಳಿಕಾಯಿ. ಕೆಳಗಿನ ಡಬ್ಬಿಯಲ್ಲಿ ಕಪ್ಪಗೆ, ಗಟ್ಟಿಯಾಗಿ, ಬೆಳ್ಳುಳ್ಳಿಯ ವಾಸನೆಯ ಸಾರು.

ಭೂಮಿಕಾಳಿಗೆ ಆ ವಾಸನೆ ಹೊಟ್ಟೆಯವರೆಗೂ ಗೊತ್ತು. ಹುಟ್ಟಿದಾಗಿನಿಂದ ಗೊತ್ತು.

"ಇದು?"

"ಬಸ್ಸಾರು. ಬಸ್ದು ಕೊಡಿ ಅಂದಿದ್ರಲ್ಲ? ಸೊಪ್ಪು ಬೇಯ್ಸಿ ಬಸಿತೀನಿ. ಆ ಬಸ್ದ ನೀರು, ಕಟ್ಟು, ಅದ್ರಲ್ಲೇ ಸಾರು ಕಾಯ್ಸ್ತೀನಿ. ಕಾಳಿಲ್ಲ, ಕಾಯಿ ಹಾಕಿಲ್ಲ, ಉಪ್ಪು ಚಿಟಿಕೆ. ನೀರು ನಾಕೇ ಲೋಟ ಅಂದ್ರಲ್ಲ, ಅದ್ಕೆ ಅಷ್ಟೂ ಕಟ್ಟನ್ನ ಇಂಗಿಸಿ ಇಂಗಿಸಿ ಒಂದ್ ಲೋಟಕ್ಕೆ ತರ್ತೀನಿ. ಸತ್ವ ಒಂಚೂರೂ ಹಾಳಾಗಲ್ಲ." ಅವನು ತಲೆಯೆತ್ತಿ ನೋಡಿದ. "ನಾ ಮಾಡಿದ್ದು ಸರಿಗೈತಲ್ವಾ ಮೇಡಂ?"

ತೆಗೆದುಹಾಕಲೆಂದು ನೀರಿಗಿಳಿಸಿದ್ದ ಅಷ್ಟೂ ಲವಣವನ್ನು, ಒಂದು ಹನಿ ಬಿಡದೆ, ಕಾಯಿಸಿ ಗಟ್ಟಿ ಮಾಡಿ, ದಿನಕ್ಕೆ ಎರಡು ಹೊತ್ತು, ಎರಡು ವಾರದ ಮೇಲಿಂದ ಆ ಮನುಷ್ಯ ಹೆಂಡತಿಗೆ ಕುಡಿಸಿದ್ದ. ಬಸಿದ ನೀರನ್ನು ನಮ್ಮ ಸೀಮೆಯಲ್ಲಿ ಯಾರು ಚೆಲ್ಲುತ್ತಾರೆ? ಯಾರ ಮನೆಯಲ್ಲಿ ಚೆಲ್ಲಿದ್ದನ್ನು ಯಾರು ಕಂಡಿದ್ದಾರೆ? ಬಸಿಯುವುದೇ ಆ ನೀರಿಗಾಗಿ. ಭೂಮಿಕಾ ಅಮೆರಿಕದಿಂದ ಇಳಿದು ಬಂದವಳಲ್ಲ. ಹಿಂದಿನ ದಿನ ಭಾನುವಾರ, ಅವಳೂ ತನ್ನ ಮನೆಯಲ್ಲಿ ಬಸ್ಸಾರು ಉಂಡು ಬಂದಿದ್ದಳು.

"ಸರಿಗಿದೆ," ಅಂದಳು.

ಒಳಗೆ ಬಂದಾಗ ಸುಲೋಚನಮ್ಮ ಬಾಗಿಲಲ್ಲೇ ನಿಂತಿದ್ದರು. "ಏನಂತೆ?"

"ಹೇಳ್ತಿಲ್ಲ ಮೇಡಂ. ಎಳನೀರೇನಾದ್ರೂ ಕುಡಿದಿರ್ಬಹುದು."

"ಪಥ್ಯ ನೀನ್ ಹೇಳಿದ್ಯಲ್ಲ. ತಿರುಗಿ ಹೇಳ್ಸಿದ್ದೆ ತಾನೆ?"

"ಹೇಳ್ಸಿದ್ದೆ."

ಅವಳು ಆಗಲೇ ನಿಜ ಹೇಳಿದ್ದರೆ ಕರಿಯಮ್ಮ ಉಳಿಯುತ್ತಿದ್ದಳೇ ಎಂದರೆ, ಇಲ್ಲ. ಡಾಕ್ಟರು ಕೊಡುವ ಮದ್ದೆಲ್ಲ ಕೊಟ್ಟಾಗಿತ್ತು. ಆದರೆ ಆ ಸಮಾಧಾನ ಆ ಕ್ಷಣದಲ್ಲಿ ಭೂಮಿಕಾಳಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲದೆಯೇ ಸುಳ್ಳು ಹೇಳಿದ್ದಳು. ಅದನ್ನು ಅವಳು ಮರೆಯುವ ಹಾಗಿಲ್ಲ. ನಾಲ್ಕು ಗಂಟೆಗೆ ಕರಿಯಮ್ಮನ ಎದೆ ನಿಂತಿತು. ಅಜ್ಜಂಪುರದ ಬಸ್ಸು ಅಷ್ಟು ಹೊತ್ತಿಗೆ ಹೋಗಿಯಾಗಿತ್ತು.

ಮಾರನೆಯ ದಿನ ಫೈಲು ಮುಚ್ಚಬೇಕಿತ್ತು. ಆಹಾರದ ವಿಭಾಗಕ್ಕೆ ಒಂದು ಸಾಲು ಬರೆಯುವುದು ಭೂಮಿಕಾಳ ಕೆಲಸ. ಸಾವಿಗೆ ಕಾರಣವಾದ ಪೊಟ್ಯಾಸಿಯಂ ಎಲ್ಲಿಂದ ಬಂತು ಎಂದು ಅಲ್ಲಿ ಬರೆಯಬೇಕು. ಅವಳು ಬಹಳ ಹೊತ್ತು ಪೆನ್ನು ಹಿಡಿದು ಕೂತಳು. ಕೊನೆಗೆ ಆ ಕೋಣೆಯ ಹಳೆಯ ಫೈಲುಗಳಲ್ಲೆಲ್ಲ ಇದ್ದ ಸಾಲನ್ನೇ ಬರೆದಳು: "ಮನೆಯವರು ಪಥ್ಯ ಪಾಲಿಸಿಲ್ಲ." ಸುಲೋಚನಮ್ಮ ಓದಿ, ನಿಟ್ಟುಸಿರುಬಿಟ್ಟು, ಸಹಿ ಹಾಕಿದರು.

ಆ ಭಾನುವಾರ ಮನೆಯಲ್ಲಿ ತಾಯಿ ಮತ್ತೆ ಸೊಪ್ಪು ಬೇಯಿಸಿದಳು. ಮುಚ್ಚಳವನ್ನು ಬಟ್ಟೆಯಲ್ಲಿ ಹಿಡಿದು, ಪಾತ್ರೆಯನ್ನು ಬಾಗಿಸಿ, ಹಸಿರು ನೀರನ್ನು ಇನ್ನೊಂದು ಪಾತ್ರೆಗೆ ಬಸಿಯುತ್ತಿದ್ದಾಗ ಭೂಮಿಕಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಮ್ಮ, ಆ ನೀರನ್ನ ಚೆಲ್ಲಿದ್ರೆ ಏನಾಗುತ್ತೆ?"

"ಚೆಲ್ಲಾದಾ? ಯಾಕೆ, ತಲೆ ಕೆಟ್ಟಿದ್ಯಾ ನಿಂಗೆ? ಸತ್ವ ಎಲ್ಲ ಇದ್ರಲ್ಲೇ ಇರಾದು."

ಭೂಮಿಕಾ ಅಂದು ಹೊಟ್ಟೆ ನೋವೆಂದು ಮಲಗಿದಳು. ಕಾಲೇಜಿಗೆ ಇನ್ನೊಂದು ವಾರದಲ್ಲಿ ಅಂಕಪಟ್ಟಿ ಹೋಗುವುದಿತ್ತು. ಲಾಗ್ ಬುಕ್ಕಿನಲ್ಲಿ ಸುಳ್ಳು ಟಿಕ್ ಹಾಕಿದ್ದು ಗೊತ್ತಾದರೆ ಎಂಟು ವಾರವೂ ರದ್ದು, ವರ್ಷವೂ ಹೋದ ಹಾಗೆಯೇ. ಹೇಳಬೇಕು ಎಂದುಕೊಂಡು ಬಸ್ಸು ಹತ್ತುವಳು, ನಾಳೆ ಹೇಳೋಣ ಎಂದುಕೊಂಡು ಬಸ್ಸು ಇಳಿಯುವಳು. ಬೀರಪ್ಪನಿಗೆ ಹೇಳದಿರುವುದು ಒಂದು ದಯೆ ಎಂಬ ಮಾತನ್ನೂ ಹುಡುಕಿಕೊಂಡಿದ್ದಳು. ಪಾಪ, ಕೈಯಾರೆ ಮಾಡಿ ಬಡಿಸಿದವನು, ಗೊತ್ತಾದರೆ ಬದುಕಿಯಾನೇ? ಮಾತು ಸುಳ್ಳಲ್ಲ. ಆದರೆ ಅದು ಭೂಮಿಕಾಳಿಗೆ ಎಷ್ಟು ಅನುಕೂಲವಾಗಿತ್ತು ಎಂಬುದನ್ನೂ ನೋಡಬೇಕು. ಆ ವಾರ ಸುಲೋಚನಮ್ಮ ಅವಳ ಅಂಕಪಟ್ಟಿ ತುಂಬಿದರು. ರೋಗಿಗಳೊಡನೆ ಮಾತಾಡುವ ಕೌಶಲ ಎಂಬಲ್ಲಿ ಹತ್ತಕ್ಕೆ ಒಂಬತ್ತು.

ಕೊನೆಯ ವಾರದ ಗುರುವಾರ, ಮಧ್ಯಾಹ್ನ, ಡಯಾಲಿಸಿಸ್ ಕೋಣೆಯ ಹೊರಗಿನ ಬೆಂಚಿನ ಕಡೆಯಿಂದ ಪರಿಚಯದ ದನಿ ಕೇಳಿಸಿತು.

ಬೀರಪ್ಪ ಕೂತಿದ್ದ. ತಲೆ ಬೋಳಿಸಿತ್ತು, ಮೀಸೆ ಇರಲಿಲ್ಲ. ಹೆಂಡತಿಯ ತೂಕ ದಿನವೂ ನೋಡಲೆಂದು ಆಸ್ಪತ್ರೆಯವರು ಕೊಟ್ಟಿದ್ದ ಮಿಷನ್ನನ್ನು ವಾಪಸು ಕೊಡಲು ಬಂದವನು, ಅದನ್ನು ಮಡಿಲಲ್ಲಿ ಇಟ್ಟುಕೊಂಡೇ ಪಕ್ಕದ ಹೆಂಗಸಿಗೆ ಏನೋ ಹೇಳುತ್ತಿದ್ದ. ಆ ಹೆಂಗಸು ಸಖರಾಯಪಟ್ಟಣದ ಹುಲಿಯಮ್ಮ. ಅವಳ ಮಗನಿಗೆ ಡಯಾಲಿಸಿಸ್ ಶುರುವಾಗಿ ಒಂದು ವಾರವಾಗಿತ್ತು. ಬೀರಪ್ಪನ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗಿನ ಹಾಳೆ, ಮೂಲೆಯಲ್ಲಿ ಅರಿಶಿನದ ಕಲೆ.

"ಸೊಪ್ಪು ತಿಂದ್ರೆ ಡಾಕ್ಟ್ರು ಬೈತಾರೆ. ಆದ್ರೆ ಹಿಂಗ್ ಮಾಡಿದ್ರೆ ತಿನ್ಬೌದು. ಬೇಯ್ಸಿ, ಬಸ್ದು, ಆ ಕಟ್ಟನ್ನ ಚೆನ್ನಾಗಿ ಇಂಗಿಸಿ ಸಾರು ಮಾಡಿ. ಇಲ್ಲಿ ಮೇಡಂ ಬರ್ದವ್ರೆ ನೋಡಿ. ಇದನ್ನ ನೀವೇ ಮಡಿಕ್ಕಳಿ, ನಂಗಿನ್ಯಾಕೆ."

ಹುಲಿಯಮ್ಮ ಭೂಮಿಕಾಳನ್ನು ಕಂಡು ಎದ್ದು ನಿಂತಳು. "ಇವ್ರು ಹೇಳ್ದಂಗೇನಾ ಮೇಡಂ? ಬಸ್ದು, ಅದೇ ನೀರಲ್ಲಿ ಸಾರು?"

"ನೀವು ಒಳಗ್ ಬನ್ನಿ ಅಮ್ಮ. ಕೂತ್ಕೊಂಡ್ ಮಾತಾಡೋಣ," ಅಂದಳು ಭೂಮಿಕಾ. ಬಾಗಿಲು ಹಾಕಿಕೊಂಡು ಈಯಮ್ಮನಿಗೆ ಮಾತ್ರ ಹೇಳಿದರೆ ಮುಗಿಯಿತು. ಬೀರಪ್ಪ ಬಸ್ಸು ಹತ್ತಿ ಊರಿಗೆ ಹೋಗುತ್ತಾನೆ.

"ಇಲ್ಲೇ ಹೇಳಿ ಮೇಡಂ, ನಾನೂ ಇನ್ನೊಂದ್ಸಲ ಕೇಳಿಸ್ಕತೀನಿ," ಅಂದ ಬೀರಪ್ಪ. "ನಮ್ಮೂರಲ್ಲೇ ರುದ್ರಮೂರ್ತಿ ಅಂತ ಒಬ್ರಿಗೆ ಡಯಾಲಿಸಿಸ್ ಶುರುವಾಗೈತೆ, ಶಿವಮೊಗ್ಗದಲ್ಲಿ. ನಿನ್ನೆ ಅವ್ರ ಮನೇಗ್ ಹೋಗಿ ಸೊಸೆಗೆ ಎಲ್ಲಾ ಹೇಳ್ಕೊಟ್ ಬಂದೆ. ಇವತ್ ರಾತ್ರಿಯಿಂದ ಹಂಗೇ ಮಾಡ್ತೀನಿ ಅಂತು ಹುಡುಗಿ. ನಮ್ಮೋಳ್ಗಂತೂ ಆಯಸ್ಸಿರ್ಲಿಲ್ಲ. ಉಳ್ದೋರ್ಗಾದ್ರೂ ಆಗ್ಲಿ."

ತಪ್ಪಿಸಿಕೊಳ್ಳಲು ಉಳಿದಿದ್ದ ಬಾಗಿಲೂ ಹೀಗೆ ಮುಚ್ಚಿಹೋಯಿತು. ಭೂಮಿಕಾ ಬೆಂಚಿನ ಎದುರು ನೆಲದ ಮೇಲೆ ಕೂತಳು.

"ಆ ನೀರು ಚೆಲ್ಬೇಕಿತ್ತು ಬೀರಪ್ಪಣ್ಣ."

"ಯಾವ ನೀರು?"

"ಬಸಿದ ನೀರು. ಕೆಟ್ಟದ್ದೆಲ್ಲ ಆ ನೀರಿಗೆ ಇಳಿಯುತ್ತೆ. ಇಳೀಲಿ ಅಂತಾನೇ ಬೇಯ್ಸಿ ಬಸಿಯೋದು. ಆಮೇಲೆ ಚೆಲ್ಬೇಕು. ಬಸಿದು ಅಂತ ಬರ್ದೆ. ಚೆಲ್ಲಿ ಅಂತ ಬರೀಲಿಲ್ಲ ನಾನು. ನೀವು ಓದಿ ಹೇಳ್ತೀನಿ ಅಂದ್ರಿ. ಅವತ್ತು ಕೇಳಿಸ್ಕೊಂಡಿದ್ರೆ ಅಲ್ಲೇ ಗೊತ್ತಾಗ್ತಿತ್ತು. ಬಸ್ಸಿಗೆ ಹೊತ್ತಾಯ್ತು ಅಂತ ಓಡ್ದೆ. ತಪ್ಪು ನಂದು. ನಿಮ್ದಲ್ಲ. ಆ ದಿನ ಕ್ಯಾರಿಯರ್ ನೋಡಿದಾಗ್ಲೇ ನಂಗೆ ಗೊತ್ತಾಯ್ತು."

ಹುಲಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬೀರಪ್ಪ ಕವರಿನ ಮೇಲೆ ಬೆರಳಿಟ್ಟು ಆ ಸಾಲನ್ನು ಹುಡುಕಿದ. ಓದಿದ. ಮತ್ತೊಮ್ಮೆ ಓದಿದ.

"ಇಂಗಿಸ್ತಿದ್ದೆ ನಾನು," ಅಂದ. "ಲೋಟ ಇಟ್ಕೊಂಡು ಅಳ್ದು ಅಳ್ದು ಇಂಗಿಸ್ತಿದ್ದೆ. ಅವತ್ತು ಭಾನುವಾರ ಸಾರು ಚೆನ್ನಾಗೈತೆ ಅಂದ್ಲು. ನಲವತ್ ವರ್ಷ ಅಡ್ಗೆ ಮಾಡ್ದೋಳು. ನನ್ ಸಾರು ಚೆನ್ನಾಗೈತೆ ಅಂದ್ಲು."

ಅವನು ಅಳುತ್ತಾನೆ, ಇಲ್ಲವೆ ತನ್ನನ್ನು ಬಯ್ಯುತ್ತಾನೆ ಎಂದು ಭೂಮಿಕಾ ಕಾದಳು. ಬೈದರೆ ಸಾಕು ಅನ್ನಿಸಿತು. ಅವನು ಎರಡೂ ಮಾಡಲಿಲ್ಲ.

"ಊರೆಲ್ಲ ನೀರು ಚೆಲ್ಬೇಡಿ ಅಂತ ಬಾಯ್ ಬಡ್ಕೊಳ್ಳೋನು ನಾನು. ಆದ್ರೂ ನೀನ್ ಚೆಲ್ಲು ಅಂದಿದ್ರೆ ಚೆಲ್ತಿದ್ದೆ ಕಣವ್ವ." 'ಮೇಡಂ' ಹೋಗಿ 'ನೀನು' ಬಂದಿತ್ತು. "ನೀನ್ ಏನ್ ಬರ್ದಿದ್ರೂ ಮಾಡ್ತಿದ್ದೆ. ಬರ್ದಿದ್ ಬಿಟ್ಟು ಒಂದ್ ಕಾಳು ಬೇರೆ ಹಾಕಿಲ್ಲ ನಾನು."

ಕವರಿನಿಂದ ಹಾಳೆ ಹೊರತೆಗೆದು ಅವಳ ಮುಂದೆ ಹಿಡಿದ. "ಬರಿ."

"ಏನು?"

"ಆ ಮಾತು. ಇದ್ರಲ್ಲೇ ಬರಿ."

ಭೂಮಿಕಾ ಆ ಸಾಲಿನ ಕೆಳಗೆ ದಪ್ಪಕ್ಷರದಲ್ಲಿ ಬರೆದಳು: "ಬಸಿದ ನೀರು ಚೆಲ್ಲಿ. ಸಾರು ಮಾಡಬೇಡಿ."

ಬೀರಪ್ಪ ಹಾಳೆ ತೆಗೆದುಕೊಂಡು, ಶಾಲೆಯ ಹುಡುಗ ಪಾಠ ಒಪ್ಪಿಸುವ ಹಾಗೆ ಎದ್ದು ನಿಂತು ಓದಿದ. "ಸೊಪ್ಪು, ತರಕಾರಿ ಸಣ್ಣಗೆ ಹೆಚ್ಚಿ. ಹೆಚ್ಚು ನೀರಿನಲ್ಲಿ ಬೇಯಿಸಿ. ಬಸಿದು ಕೊಡಿ. ಬಸಿದ ನೀರು ಚೆಲ್ಲಿ. ಸಾರು ಮಾಡಬೇಡಿ." ಆಮೇಲೆ ಹಾಳೆಯಿಂದ ಕಣ್ಣು ತೆಗೆದು, ಬಾಯಿಪಾಠ ಇನ್ನೊಂದು ಸಲ ಹೇಳಿದ. ಒಂದು ಅಕ್ಷರ ತಪ್ಪಲಿಲ್ಲ.

"ಸರಿಗೈತಾ?"

"ಸರಿಗಿದೆ ಬೀರಪ್ಪಣ್ಣ."

"ಎಲ್ಡೂವರೆ ಬಸ್ಸಿಗ್ ಹೋದ್ರೆ ಆ ಹುಡುಗಿ ಒಲೆಗ್ ಇಡಾಕ್ ಮುಂಚೆ ಹೋಗ್ಬೌದು," ಅಂದ ಅವನು. ತೂಕದ ಮಿಷನ್ನನ್ನು ಬೆಂಚಿನ ಮೇಲೆ ಇಟ್ಟ. ಹುಲಿಯಮ್ಮನ ಕಡೆ ತಿರುಗಿ, "ನಿಮ್ಗೆ ಬೇರೆ ಬರ್ಕೊಡ್ತಾರೆ ತಾಯಿ, ಇದು ನಂಗ್ ಬೇಕಾಯ್ತದೆ," ಎಂದು ಹಾಳೆಯನ್ನು ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡು ಬೇಗ ಬೇಗ ಹೊರಟ. ಗೇಟಿನ ಹತ್ತಿರ ಒಂದು ಕಡೆ ಕಂಬ ಹಿಡಿದು ನಿಂತ. ಮತ್ತೆ ಹೊರಟ.

ಸುಲೋಚನಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ. ಭೂಮಿಕಾ ಎದ್ದು ಅವರ ಪಕ್ಕದಿಂದಲೇ ಒಳಗೆ ಹೋಗಿ ಕಪಾಟಿನಿಂದ ಕರಿಯಮ್ಮನ ಫೈಲು ತೆಗೆದಳು. ಅವರು ತಡೆಯಲಿಲ್ಲ.

"ಕಾಲೇಜಿಗೆ ನಾನೇ ಬರೀಬೇಕಾಗುತ್ತೆ ಕಣೇ," ಅಂದರು. ದನಿಯಲ್ಲಿ ಒರಟಿರಲಿಲ್ಲ. "ಅದ್ರಲ್ಲಿ ನಂದೂ ಸಹಿ ಇದೆ. ನನ್ ತಪ್ಪೂ ಬರೀತೀನಿ."

ಭೂಮಿಕಾ ತಲೆಯಾಡಿಸಿದಳು. "ಮನೆಯವರು ಪಥ್ಯ ಪಾಲಿಸಿಲ್ಲ" ಎಂಬ ಸಾಲಿನ ಮೇಲೆ ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಕೆಳಗೆ ಬರೆದಳು: "ಮನೆಯವರು ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಪಾಲಿಸಿದರು." ಪಕ್ಕದಲ್ಲಿ ತನ್ನ ಪೂರ್ತಿ ಹೆಸರನ್ನೂ ಆ ದಿನದ ತಾರೀಖನ್ನೂ ಹಾಕಿದಳು. ಆಮೇಲೆ ಹೊಸ ಹಾಳೆ ತೆಗೆದುಕೊಂಡು, ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಹುಲಿಯಮ್ಮನನ್ನು ಕರೆದಳು.